ಎಲ್ಲರಿಗಿಂತ ಭಕ್ತಿವಂತರನ್ನು ಕಳಿಸಿ

ಈ ವರ್ಷವೂ ಯಾರೋ ತನಗೆ ಅಡ್ಡಗಾಲು ಹಾಕುತ್ತಾರೆ ಎಂಬ ಗುಮಾನಿಯಲ್ಲೇ ಇನ್ಸ್‌ಪೆಕ್ಟರ್ ಅಂಗಿಯ ಗುಂಡಿ ಹಾಕಿಕೊಂಡ. ಅಳತೆ-ತೂಕದ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಅಂಗಡಿಯವರ ತಕ್ಕಡಿ ಪರೀಕ್ಷಿಸಿದವನು. ಮನುಷ್ಯರನ್ನೂ ಅದೇ ಕಣ್ಣಲ್ಲಿ ತೂಗುತ್ತಿದ್ದ. ಎಲ್ಲರೂ ತೂಕಕ್ಕೆ ಕಡಿಮೆ, ತಾನೊಬ್ಬ ಸರಿ.

ಅವರ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಒಬ್ಬರನ್ನು ಶಿಷ್ಯಸೇವೆಗೆ, ಎಂದರೆ ಕರೆದವರ ಜೊತೆಗಿದ್ದು ಸೇವೆ ಮಾಡಲು, ಕಳಿಸುವ ಪದ್ಧತಿ. ಕರೆಯದ ಕಡೆಗೆ ಹೋಗುವಂತಿಲ್ಲ. ‘ನಮ್ಮಲ್ಲಿಗೆ ಒಬ್ಬರನ್ನು ಕಳಿಸಿ’ ಎಂದು ಯಾರಾದರೂ ಕಾಗದ ಬರೆಯಬೇಕು. ಪಾಸ್ಟರು ಹೆಸರು, ವಿಳಾಸ ಬಿಟ್ಟು ಅದನ್ನು ಓದುತ್ತಾರೆ. ಎದ್ದು ನಿಂತವರು ಸಭೆಯ ಮುಂದೆ ಮಾತು ಕೊಡಬೇಕು. ವಿಳಾಸ ಹೇಳುವುದು ಆಮೇಲೆ. ಹಿಂದೆಲ್ಲ ವಿಳಾಸ ಮೊದಲೇ ಓದುತ್ತಿದ್ದರು. ಸಮುದ್ರ ತೀರದ ಊರೆಂದರೆ ಅರ್ಧ ಸಭೆಗೆ ದೇವರ ಕರೆ ಕೇಳಿಸುತ್ತಿತ್ತು, ಜೌಗು ನೆಲವೆಂದರೆ ಎಲ್ಲರಿಗೂ ಮಂಡಿನೋವು! ಈ ನಾಟಕ ಸಾಕೆಂದು ಮೇಜು ಗುದ್ದಿ ನಿಯಮ ಬದಲಿಸಿದವನು ಇನ್ಸ್‌ಪೆಕ್ಟರನೇ. ಮಾತು ಕೊಟ್ಟು ಹಿಂದೆ ಸರಿದವನಿಗೆ ಸಭೆಯಲ್ಲಿ ಜಾಗವಿಲ್ಲ ಎಂಬ ಸಾಲನ್ನೂ ಸೇರಿಸಿದ.

ಆದರೂ ಹನ್ನೆರಡು ವರ್ಷ ಕೂತಲ್ಲೇ ಕೂತಿದ್ದ. ಒಂದು ಕಾಗದ ನರ್ಸನ್ನು ಕೇಳಿತು, ಇನ್ನೊಂದು ಬಡಗಿಯನ್ನು, ಹೋದ ವರ್ಷದ್ದು ಟೈಲರನ್ನು. ತಕ್ಕಡಿ ನೋಡುವವರು ಬೇಕೆಂದು ಯಾವ ಊರೂ ಬರೆಯಲಿಲ್ಲ.

“ಆ ಟೈಲರ್! ಕಾಜಾ ಹೊಲಿಯೋದು ಬಿಟ್ರೆ ಅವನಿಗೇನು ಗೊತ್ತು?” ಎಂದು ವರ್ಷವಿಡೀ ಹೊಟ್ಟೆ ಉರಿದುಕೊಂಡ.

ತಯಾರಿಗೇನೂ ಕೊರತೆಯಿರಲಿಲ್ಲ. ಮಗಳ ಕೋಣೆ ಹೇಗೂ ಖಾಲಿ ಬಿದ್ದಿತ್ತು. ಮಡಚುವ ಮಂಚ, ಸೊಳ್ಳೆಪರದೆ, ಮೊಣಕಾಲುದ್ದದ ಬೂಟು, ದುರ್ಬೀನು ಎಲ್ಲ ಅಲ್ಲೇ. ಹಾವು ಕಚ್ಚಿದರೆ ಏನು ಮಾಡಬೇಕೆಂದು ಬಾಯಿಪಾಠ ಮಾಡಿದ್ದ. ಅವನಿಗೆ ಇದ್ದದ್ದು ಒಂದೇ ಆಸೆ. ಪಾಸ್ಟರು ತಲೆಯ ಮೇಲೆ ಕೈಯಿಡಬೇಕು, ಸಭೆಯೆಲ್ಲ ಎದ್ದು ನಿಲ್ಲಬೇಕು, ದೂರದ ಯಾರೋ ಕಾಡುಜನ ತನ್ನಿಂದ ಬೆಳಕು ಕಾಣಬೇಕು. ಅದಕ್ಕಾಗಿ ಪ್ರಾಣ ಕೊಡಲೂ ತಯಾರಿದ್ದ. ಹಾಗೆಂದು ಹೇಳಿಕೊಳ್ಳಲಂತೂ ತಯಾರಿದ್ದ.

ಹೆಂಡತಿ ಇಸ್ತ್ರಿ ಮಾಡಿದ ಕೋಟು ತಂದಳು. ಮೂರು ದಿನದಿಂದ ಅವಳಿಗೆ ಜ್ವರ. ಅವನಿಗೆ ಕಂಡದ್ದು ತೋಳಿನ ಮೇಲಿನ ಸುಕ್ಕು.

“ಒಂದು ಕೆಲಸ ನೆಟ್ಟಗೆ ಮಾಡೋಕೆ ಬರಲ್ವಲ್ಲ ನಿನಗೆ!”

“ರೀ, ಅಲ್ಲಿಗೆ ಹೋದ್ರೆ ಆ ಜನರ ಜೊತೆ ಕೂತು ಊಟ ಮಾಡ್ತೀರಾ?” ಅವಳು ಮೆಲ್ಲಗೆ ಕೇಳಿದಳು.

“ಮತ್ತೆ? ಶಿಷ್ಯ ಅಂದ್ಮೇಲೆ ಅವರ ಕಾಲು ತೊಳೆಯೋಕೂ ಸೈ.”

“ಅವರಲ್ಲಿ ಯಾರಾದ್ರೂ ತಪ್ಪು ಮಾಡಿದ್ರೆ?”

“ಕ್ಷಮಿಸ್ತೀನಿ. ಕ್ಷಮಿಸೋದೇ ನಮ್ಮ ಧರ್ಮ. ನಿನಗೆ ಇದೆಲ್ಲ ಎಲ್ಲಿ ಅರ್ಥ ಆಗ್ಬೇಕು?”

“ಹಾಗಾದ್ರೆ ಈ ಸಲ ನಿಮ್ಮನ್ನೇ ಕರೀಲಿ,” ಎಂದಳು ಹೆಂಡತಿ.

ಚರ್ಚಿನಲ್ಲಿ ಅವನು ಎಂದಿನಂತೆ ಮುಂದಿನ ಬೆಂಚು ಹಿಡಿದ. ಹೆಂಡತಿ ಹಿಂದೆಲ್ಲೋ ಹೆಂಗಸರ ಮಧ್ಯೆ ಕೂತಳು. ಬಂದದ್ದು ಒಂದೇ ಕಾಗದ ಎಂದರು ಪಾಸ್ಟರು. ಕನ್ನಡಕ ಒರೆಸಿಕೊಂಡು, ತಲೆಯೆತ್ತದೆ ಓದಿದರು:

“ನಮ್ಮಲ್ಲಿ ಒಬ್ಬರು ಹೇಳಿದ್ದೇ ಕಾನೂನು. ಅವರು ಉಂಡೆದ್ದ ಮೇಲೆಯೇ ಬೇರೆಯವರು ಉಣ್ಣಬೇಕು. ಮೈಯಲ್ಲಿ ಹುಷಾರಿಲ್ಲದಿದ್ದರೂ ದುಡಿತ ತಪ್ಪುವುದಿಲ್ಲ. ಮನಸ್ಸಿಗೆ ಬಂದವನನ್ನು ಮದುವೆಯಾದ ಮಗಳನ್ನು ಹೊರಗೆ ಹಾಕಿ ಎಂಟು ವರ್ಷವಾಯಿತು. ಅವಳ ಹೆಸರೆತ್ತುವುದಕ್ಕೂ ಭಯ. ಪೂಜೆ ಪ್ರಾರ್ಥನೆ ದಿನಾ ಜೋರಾಗಿಯೇ ನಡೆಯುತ್ತದೆ, ಯಾವ ದೇವರಿಗೋ ಗೊತ್ತಿಲ್ಲ. ನಮಗೆ ನರ್ಸ್ ಬೇಡ, ಬಡಗಿ ಬೇಡ. ನಿಮ್ಮಲ್ಲಿ ಎಲ್ಲರಿಗಿಂತ ಭಕ್ತಿವಂತರು ಯಾರೋ ಅವರನ್ನು ಕಳಿಸಿ. ಯೇಸುಸ್ವಾಮಿಯ ಶಿಷ್ಯರು ಇರಬೇಕಾದ ಹಾಗೆ ನಮ್ಮ ಜೊತೆ ಇದ್ದರೆ ಸಾಕು.”

ಇನ್ಸ್‌ಪೆಕ್ಟರ್ ಕೋಟಿನ ಕಾಲರ್ ಸರಿಮಾಡಿಕೊಂಡ. ಎಲ್ಲರಿಗಿಂತ ಭಕ್ತಿವಂತರು! ಇನ್ನು ತನ್ನ ಹೆಸರೊಂದು ಬರೆಯುವುದು ಬಾಕಿ.

“ಥೂ, ಎಂಥಾ ಮೃಗಗಳು ನೋಡ್ರೀ! ಹೆತ್ತ ಮಗಳನ್ನ ಹೊರಗೆ ಹಾಕೋದಂದ್ರೇನು?” ಎಂದು ಪಕ್ಕದ ಬೇಕರಿಯವನ ಕಿವಿಯಲ್ಲಿ ಉಸುರಿದ. ಬೇಕರಿಯವನು ಅವನ ಮುಖವನ್ನೇ ಒಂದು ಕ್ಷಣ ನೋಡಿ ಅತ್ತ ತಿರುಗಿಕೊಂಡ. ಅಸೂಯೆ, ಮತ್ತೇನು ಎಂದುಕೊಂಡು ಇನ್ಸ್‌ಪೆಕ್ಟರ್ ಎದ್ದು ನಿಂತ.

“ನಾನು ಹೋಗ್ತೀನಿ ಅಯ್ಯನವರೇ. ಆ ಯಜಮಾನನ ಸೊಕ್ಕು ಮುರಿದೇ ಮುರೀತೀನಿ.”

“ಯೋಚನೆ ಮಾಡಿದ್ದೀರಾ?”

“ಹನ್ನೆರಡು ವರ್ಷದಿಂದ.”

“ಅವರ ಜೊತೆ ಕೂತು ಉಣ್ತೀರಾ? ಕಾಯಿಲೆ ಬಿದ್ರೆ ಆರೈಕೆ ಮಾಡ್ತೀರಾ?”

“ಮಾಡ್ತೀನಿ.”

“ಹೊರಗೆ ಹಾಕಿದವಳನ್ನ ಒಳಗೆ ಕರೆಸ್ತೀರಾ?”

“ನಾನೇ ಹೋಗಿ ಕೈ ಹಿಡಿದು ಕರ್ಕೊಂಡು ಬರ್ತೀನಿ!” ಅವನ ದನಿ ಕಟ್ಟಡ ತುಂಬಿತು.

“ಅವರು ಸಾಕು ಅನ್ನೋ ತನಕ ಬಿಟ್ಟು ಹೋಗಲ್ವಲ್ಲ?”

“ದೇವರ ಮುಂದೆ ಹೇಳ್ತಿದ್ದೀನಿ, ಹೋಗಲ್ಲ.”

ಪಾಸ್ಟರು ಇಳಿದು ಬಂದು ಅವನ ತಲೆಯ ಮೇಲೆ ಕೈಯಿಟ್ಟರು. ಸಭೆ ಎದ್ದು ನಿಂತಿತು. ಇನ್ಸ್‌ಪೆಕ್ಟರನಿಗೆ ಕಣ್ಣು ತುಂಬಿ ಬಂತು, ತನ್ನ ದೊಡ್ಡತನ ನೋಡಿ ತನಗೇ. ಎಷ್ಟು ದಿನದ ಪ್ರಯಾಣ, ಹಡಗೋ ರೈಲೋ, ವಿಳಾಸ ಬೇಗ ಹೇಳಿಬಿಡಿ ಎಂದ.

“ಏಳನೇ ನಂಬರಿನ ಮನೆ, ಇದೇ ಬೀದಿ,” ಎಂದರು ಪಾಸ್ಟರು. “ಕಾಗದ ಬರೆದವರು ನಿಮ್ಮ ಹೆಂಡತಿ.”