ಬಿಚ್ಚಿದ ಜಡೆ

ರೇಣುಕಾ ಆಫೀಸಿನಿಂದ ಬಂದು ಚಪ್ಪಲಿ ಬಿಡುವುದರೊಳಗೆ ಪಿಂಕಿ ಓಡಿಬಂದು ಬೆನ್ನು ತಿರುಗಿಸಿ ನಿಂತಳು. ಮಗಳ ಗಿಡ್ಡ ಕೂದಲಿಗೆ ಯಾರೋ ಚೌರಿ ಸೇರಿಸಿ ಸೊಂಟದವರೆಗೆ ಜಡೆ ಹೆಣೆದಿದ್ದರು. ಅದರ ತುಂಬ ಒತ್ತೊತ್ತಾಗಿ ಹೊಲಿದ ಮಲ್ಲಿಗೆ ಮೊಗ್ಗು, ನಡುನಡುವೆ ಕನಕಾಂಬರದ ಸಾಲು.

"ಅಮ್ಮಾ, ಮಗ್ಗಿ ಹೆರಳ! ಸೂಗಮ್ಮಜ್ಜಿ ಹಾಕ್ಯಾಳ. ಮಧ್ಯಾಹ್ನ ಪೂರ್ತಿ ಕುಂತಿದ್ದೆ, ಒಂದ್ಸಲನೂ ಅಳ್ಳಾಡಲಿಲ್ಲ."

ಸೂಗಮ್ಮ ಎದುರು ಫ್ಲ್ಯಾಟಿನವರು, ಮಗನ ಸಂಸಾರದ ಜೊತೆ ರಾಯಚೂರಿನಿಂದ ಬಂದ ಹಿರಿಯರು. ಗಚ್ಚಿಬೌಲಿಯ ಆ ದೊಡ್ಡ ಕಟ್ಟಡದಲ್ಲಿ ಕನ್ನಡದ ಮನೆಗಳು ಅವೆರಡೇ. ಬೇಸಿಗೆ ರಜೆ ಶುರುವಾದಾಗಿನಿಂದ ಪಿಂಕಿ ಹಗಲೆಲ್ಲ ಅಲ್ಲೇ ಇರುತ್ತಿದ್ದಳು. ಅವರಿಲ್ಲದಿದ್ದರೆ ತಾನು ಕೆಲಸ ಬಿಡಬೇಕಾಗುತ್ತಿತ್ತು ಎಂಬುದು ರೇಣುಕಾಳಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದುದಕ್ಕೇ ಹೊಟ್ಟೆ ಇನ್ನಷ್ಟು ಉರಿಯುತ್ತಿತ್ತು. ಅಜ್ಜಿ ಹೀಗಂದಳು, ಅಜ್ಜಿ ಹಾಗಂದಳು ಎಂದು ಮಗಳು ಜಪ ಮಾಡಿದಾಗೆಲ್ಲ ನಕ್ಕಂತೆ ಮಾಡಿ ನುಂಗಿಕೊಂಡಿದ್ದಳು. ಆದರೆ ಮೊಗ್ಗಿನ ಜಡೆ? ಅದನ್ನು ಹೆತ್ತವಳು ಹಾಕಬೇಕು. ಈ ಬೇಸಿಗೆಗೆ ಹಾಕುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟವಳೂ ಅವಳೇ. ಪ್ರತಿ ಭಾನುವಾರ ಆಫೀಸಿನ ಅಮೆರಿಕದ ಗಿರಾಕಿಗಳದು ಏನಾದರೊಂದು ತುರ್ತು ಕೆಲಸ ಬಂದು ವಕ್ಕರಿಸುತ್ತಿತ್ತು, ಏನು ಮಾಡಬೇಕು ಅವಳಾದರೂ!

"ನಾಳೆ ಮುಂಜಾನೆ ಸ್ಟುಡಿಯೋಕ್ಕ ಹೋಗೋದೈತಿ. ಹಿಂದ ಕನ್ನಡಿ ಇಟ್ಟು ಹೆರಳ ಕಾಣೂ ಹಂಗ ಫೋಟೋ ತಗಸೋದು. ರಾತ್ರಿ ಬೋರಲ ಮಲಗು ಅಂದಾಳ ಅಜ್ಜಿ," ಎಂದಳು ಪಿಂಕಿ.

"ಯಾರ ಜೋಡಿ ಫೋಟೋ?"

"ಅಜ್ಜಿ ಜೋಡಿ."

ಅಷ್ಟು ಸಾಕಾಯಿತು. "ಬಾ ಇಲ್ಲೆ, ಕುಂದ್ರು. ಇಷ್ಟ ಭಾರ ಹೊತಗೊಂಡು ಮಲಗಿದ್ರ ಕುತ್ತಿಗಿ ಹಿಡೀತೈತಿ. ಹಾಸಿಗಿ ತುಂಬ ಇರುವಿ ಬರ್ತಾವ."

"ಬರಂಗಿಲ್ಲಮ್ಮ... ಇದೊಂದ ರಾತ್ರಿ..."

ರೇಣುಕಾ ಕತ್ತರಿ ತಂದು ದಾರ ಕತ್ತರಿಸಿದಳು. ಆಗಷ್ಟೇ ಬಿರಿಯತೊಡಗಿದ್ದ ಮೊಗ್ಗುಗಳು ಮಗಳ ಲಂಗದ ಮೇಲೆ ಉದುರಿದವು. ಎಣ್ಣೆ ಹಚ್ಚಿ, ಬಾಚಿ, ಕಣ್ಣು ಮೇಲೆ ಹೋಗುವಷ್ಟು ಬಿಗಿಯಾಗಿ ಎರಡು ಜಡೆ ಹಾಕಿದಳು. "ಮುಂದಿನ ಐತವಾರ ನಾನs ಹಾಕ್ತೀನಿ. ಇದಕ್ಕಿಂತ ಛಲೋ," ಎಂದಳು. ಪಿಂಕಿ ಅಳಲಿಲ್ಲ. ಹೂಂ ಎಂದು ಎದ್ದುಹೋದಳು. ಅತ್ತಿದ್ದರೆ ರೇಣುಕಾಳಿಗೆ ಗದರಲಾದರೂ ಒಂದು ನೆಪ ಸಿಗುತ್ತಿತ್ತು.

ಮರುದಿನ ಬೆಳಿಗ್ಗೆ ಸೂಗಮ್ಮ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ಫೋಟೋಕ್ಕೆಂದು ತಮ್ಮ ತುರುಬಿಗೂ ಒಂದು ಮೊಳ ಹೂವು ಮುಡಿದಿದ್ದರು.

"ಅಯ್ಯ ಶಿವನ! ಹೆರಳ ಎಲ್ಲೈತವ್ವ? ಯಾರ ಬಿಚ್ಚಿದರು?"

ಇರುವೆಯ ಕಥೆ ಹೇಳಲು ರೇಣುಕಾ ಬಾಯಿ ತೆರೆದಳು. ಅಷ್ಟರಲ್ಲಿ ಪಿಂಕಿ ಮುಂದೆ ಬಂದಳು.

"ನಾನs ಬಿಚ್ಚೀನಿ ಅಜ್ಜಿ. ತಲಿ ಭಾಳ ತುರಸಾಕತ್ತಿತ್ತು."

ಹೇಳುವಾಗ ಅವಳು ತಾಯಿಯ ಕಡೆ ಒಮ್ಮೆಯೂ ನೋಡಲಿಲ್ಲ. "ಹೋಗ್ಲಿ ಬಿಡವ್ವ, ಸಣ್ಣ ತಲಿಗೆ ಅಷ್ಟ ಹೂವು ಹೊಲೀಬಾರದಿತ್ತು ನಾ," ಎಂದು ತಪ್ಪನ್ನೆಲ್ಲ ತಾವೇ ಹೊತ್ತುಕೊಂಡು ಸೂಗಮ್ಮ ಹೊರಟುಹೋದರು.

ಆ ಸುಳ್ಳು ರೇಣುಕಾಳದೇ, ಚಿಕ್ಕಂದಿನಲ್ಲಿ ಹೇಳಿದ್ದು. ಗುಲ್ಬರ್ಗಾದ ಮನೆಯಲ್ಲಿ ಚಿಗವ್ವ ಹಾಕಿದ ಮೊಗ್ಗಿನ ಜಡೆಯನ್ನು ಅವ್ವ ಅವಳನ್ನು ಹಿತ್ತಲಿಗೆ ಎಳೆದೊಯ್ದು ಬಿಚ್ಚಿದ್ದಳು. ಯಾರು ಬಿಚ್ಚಿದರು ಎಂದು ಚಿಗವ್ವ ಕೇಳಿದಾಗ ಪುಟ್ಟ ರೇಣುಕಾ ಇದೇ ಮಾತು ಹೇಳಿದ್ದಳು, ತುರಿಕೆಯ ನೆಪವೂ ಇದೇ. ಅವ್ವನಂಥ ಹೊಟ್ಟೆಕಿಚ್ಚಿನ ಹೆಂಗಸು ತಾನು ಯಾವತ್ತೂ ಆಗಬಾರದು ಎಂದುಕೊಂಡೇ ಓದಿದ್ದಳು, ಅಮೀರ್‌ಪೇಟೆಯ ಹಾಸ್ಟೆಲಿನ ನೀರು ಸಾರು ಉಂಡು ಕಂಪ್ಯೂಟರ್ ಕೋರ್ಸ್ ಮುಗಿಸಿದ್ದಳು, ಇಷ್ಟು ದೂರ ಬಂದಿದ್ದಳು. ಅಂದು ಚಿಗವ್ವ ಅತ್ತ ಹೋದ ಮೇಲೆ ಅವ್ವ ಬೆಲ್ಲದ ಚೂರೊಂದನ್ನು ತಂದು ಅವಳ ಬಾಯಿಗಿಟ್ಟಿದ್ದಳು.

ಇದೆಲ್ಲ ನೆನಪಾಗುವಷ್ಟರಲ್ಲಿ ರೇಣುಕಾ ಫ್ರಿಜ್ ತೆರೆದು ಚಾಕೊಲೇಟ್ ಮುರಿಯುತ್ತಿದ್ದಳು. ತಿಂಡಿಗೆ ಮೊದಲು ಸಿಹಿ ಮುಟ್ಟಗೊಡದ ಮನೆ ಅದು. ಪಿಂಕಿ ಸುಮ್ಮನೆ ಕೈ ಚಾಚಿ ಇಸಿದುಕೊಂಡಳು. ಯಾಕೆ ಎಂದು ಕೇಳಲಿಲ್ಲ.