ನಾಲ್ಕೂಕಾಲರ ಕರೆ

ಅಕ್ಕ ಬಾಗಿಲು ತಟ್ಟುವಷ್ಟರಲ್ಲಿ ಅವನು ಒಳಗಿನಿಂದ ಚಿಲಕ ಹಾಕಿಕೊಂಡಾಗಿತ್ತು.

"ಮತ್ತೆ ಶುರುವಾಯ್ತಾ ನಿನ್ನ ಕಳ್ಳಾಟ?"

"ಅರ್ಧ ಗಂಟೆ ಅಕ್ಕ."

"ನಲವತ್ತೆಂಟು ವರ್ಷದ ಗಂಡಸು, ಹುಡುಗಿ ಹೆಸರಿಟ್ಕೊಂಡು ಕಂಡೋರ ಮಕ್ಕಳ ಜೊತೆ ಆಡ್ತೀಯಲ್ಲೋ. ಯಾರಾದ್ರೂ ಕೇಳಿದ್ರೆ ಏನಂದ್ಕೋತಾರೆ?"

ಏನಂದುಕೊಳ್ಳುತ್ತಾರೆಂದು ಅವನಿಗೂ ಗೊತ್ತಿತ್ತು. ಬೇಕರಿಯಲ್ಲಿ ಭಟ್ಟಿಯ ಮುಂದೆ ನಿಲ್ಲುವವನು ಅವನು. ಕೋಳಿ ಕೂಗುವ ಮೊದಲೇ ಹೋದರೆ ಸಂಜೆ ನಾಲ್ಕಕ್ಕೆ ಮನೆ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಹಿಟ್ಟು ಉಳಿದು, ಕೀಲಿಮಣೆಯ ಮೇಲೆಲ್ಲ ಬಿಳಿ ಗುರುತು. ಅದನ್ನು ತೋಳಿನಿಂದ ಒರೆಸುವ ಹೊತ್ತಿಗೆ ಪರದೆಯ ಮೂಲೆಯಲ್ಲಿ ಆಹ್ವಾನ ಬಂತು. ನಾಲ್ಕೂಕಾಲು. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ.

'ಬೆಂಕಿಪೊಟ್ಟಣ, ಬಾ. ಮೂರು ಜನ ಕಾಯ್ತಿದ್ದೀವಿ.'

ಬೆಂಕಿಪೊಟ್ಟಣ ಅವನ ಮಗಳು. ಆಟಕ್ಕೆಂದು ಅವಳೇ ಇಟ್ಟುಕೊಂಡ ಹೆಸರು. ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ತಾಯಿ ಮೊದಲೇ ಇರಲಿಲ್ಲ. ಮನೆಯಲ್ಲಿದ್ದದ್ದು ಅಪ್ಪ, ಮಗಳು ಇಬ್ಬರೇ. ಒಂದೂವರೆ ವರ್ಷ ರಕ್ತದ ಕಾಯಿಲೆಯ ಜೊತೆ ಜಗಳವಾಡಿ, ನಾಲ್ಕು ತಿಂಗಳ ಹಿಂದೆ, ಹದಿನಾರನೆಯ ವಯಸ್ಸಿಗೆ ಅವಳು ತೀರಿಕೊಂಡಳು. ತಮ್ಮನನ್ನು ಒಬ್ಬನೇ ಬಿಡಬಾರದೆಂದು ಅಕ್ಕ ಬಂದು ಉಳಿದಳು.

ಅವಳು ಹೋದ ಐದನೆಯ ದಿನ, ಕಂಪ್ಯೂಟರಿಗೆ ಬಟ್ಟೆ ಮುಚ್ಚಿಡಲೆಂದು ಅವನು ಈ ಕೋಣೆಗೆ ಬಂದಿದ್ದ. ಪರದೆಯ ಅಂಚಿಗೆ ಮಗಳು ಒಂದು ಚೀಟಿ ಅಂಟಿಸಿದ್ದಳು: ಆಟದ ಪಾಸ್‌ವರ್ಡ್, ಅಂಗಡಿಯ ಬೋರ್ಡಿನಂಥ ದಪ್ಪ ಅಕ್ಷರದಲ್ಲಿ. ತನಗೆ ಬಾಯಿಪಾಠವಿದ್ದದ್ದನ್ನು ಹೀಗೇಕೆ ಬರೆದಳೋ! ಕನ್ನಡಕವಿಲ್ಲದೆಯೂ ಅವನಿಗೆ ಓದಲು ಬಂತು. ಒಂದೊಂದೇ ಅಕ್ಷರ ಒತ್ತಿದ. ಒತ್ತಿದ್ದೇ ತಡ, ಆಹ್ವಾನ. ಒಂಟೆ, ಗೂಬೆ, ಮೊಂಡುಕತ್ತಿ ಎಂದು ಆ ಮೂವರ ಹೆಸರುಗಳೂ ಹಾಗೆಯೇ. ಬೇರೆ ಬೇರೆ ಊರಿನ ಮಕ್ಕಳು, ಆಟದಲ್ಲಷ್ಟೇ ಪರಿಚಯ. ಅವರಿಗೆ ಸುದ್ದಿ ಯಾರು ಹೇಳಿರುತ್ತಾರೆ? 'ಅವಳಿಲ್ಲ' ಎಂದು ಬರೆಯಲು ಕುಳಿತವನು 'ಬಂದೆ' ಎಂದು ಬರೆದ.

ಆಟವೆಂದರೆ ಒಂದು ದೋಣಿ. ನಾಲ್ವರು ಹತ್ತದಿದ್ದರೆ ದಡ ಬಿಡುವುದಿಲ್ಲ. ಚುಕ್ಕಾಣಿ ಯಾವತ್ತೂ ಮಗಳದೇ. ಆದರೆ ಅಂದು, ಅವನು ಹತ್ತುವ ಮೊದಲೇ, ಒಂಟೆ ಚುಕ್ಕಾಣಿ ಹಿಡಿದು ನಿಂತಿದ್ದ. 'ನೀನು ದೀಪ ನೋಡ್ಕೋ' ಎಂದ. ಬದುಕಿದೆಯಾ ಬಡಜೀವವೇ ಎಂದುಕೊಂಡ ತಂದೆ.

ದೀಪವನ್ನಾದರೂ ನೆಟ್ಟಗೆ ನೋಡಿಕೊಂಡನೇ? ಎಣ್ಣೆ ಚೆಲ್ಲಿದ. ಬಂಡೆ ಎದುರಾದಾಗಲೇ ಆರಿಸಿದ. ಮಗಳು ಒಂದು ತಪ್ಪು ಮಾಡಿದರೆ ಪಕ್ಕದ ಮನೆಗೆ ಕೇಳುವಂತೆ ಜಗಳವಾಗುತ್ತಿತ್ತು. ಇವನಿಗೆ ಯಾರೂ ಒಂದು ಮಾತು ಅನ್ನಲಿಲ್ಲ. 'ಪರವಾಗಿಲ್ಲ, ನಾಳೆ ನೋಡೋಣ' ಎನ್ನುತ್ತಿದ್ದಳು ಗೂಬೆ. ಮೈಕು ಕೆಟ್ಟಿದೆ ಎಂದು ಅವನು ಹೇಳಿದ ಸುಳ್ಳನ್ನು ನಾಲ್ಕು ತಿಂಗಳಾದರೂ ಯಾರೂ ಕೆದಕಲಿಲ್ಲ. ಮೊದಲು ಆರಕ್ಕಿದ್ದ ಆಟ ನಾಲ್ಕೂಕಾಲಕ್ಕೆ ಬಂದದ್ದು ಅವರ ಶಾಲೆಯ ವೇಳೆ ಬದಲಾದ್ದರಿಂದ ಇರಬೇಕು. ಭಾನುವಾರ ಬೇಕರಿಯಲ್ಲಿ ಕತ್ತಲಾಗುವವರೆಗೂ ಕೆಲಸ. ಪುಣ್ಯಕ್ಕೆ ಭಾನುವಾರ ಅವರೂ ಕರೆಯುತ್ತಿರಲಿಲ್ಲ. ಪಾಪ, ಮಕ್ಕಳು ಎಷ್ಟು ಸುಲಭವಾಗಿ ಮೋಸಹೋಗುತ್ತವೆ ಎಂದು ಅವನಿಗೆ ನಾಚಿಕೆಯಾಗುತ್ತಿತ್ತು.

"ಹೇಳ್ಬಿಡೋ," ಎಂದಳು ಅಕ್ಕ ಬಾಗಿಲಾಚೆಯಿಂದ. ದನಿ ಈಗ ಮೆತ್ತಗಾಗಿತ್ತು. "ಎಷ್ಟು ದಿನ ಅಂತ ಆ ಮಕ್ಕಳ ಕಣ್ಣಿಗೆ ಮಣ್ಣೆರಚ್ತೀಯ?"

"ಹೇಳಿದ್ರೆ ನಾಳೆಯಿಂದ ಕರೆಯಲ್ಲ ಅಕ್ಕ."

ಅವನ ಭಯ ಅಷ್ಟೇ. ಇವನಿಗೆ ನೋವಾದೀತೆಂದು ಬಂಧುಗಳೆಲ್ಲ ಅವಳ ಹೆಸರೆತ್ತುವುದನ್ನೇ ಬಿಟ್ಟಿದ್ದರು. ಅವಳನ್ನು 'ಬಾ' ಎಂದು ಕರೆಯುವವರು ಇಡೀ ಜಗತ್ತಿನಲ್ಲಿ ಉಳಿದದ್ದು ಈ ಮೂವರೇ.

ಆದರೆ ಇವತ್ತು ಹೇಳಲೇಬೇಕಿತ್ತು. ಇವತ್ತು ಅವಳ ಹುಟ್ಟಿದ ದಿನ. ಅವಳಿಗೆ ಬರುವ ಹಾರೈಕೆಗೆ ತಾನು 'ಥ್ಯಾಂಕ್ಸ್' ಎಂದು ಬರೆಯುವುದು ಅವನಿಂದಾಗದ ಕೆಲಸ.

ದೋಣಿ ಹತ್ತಿದ. ಹುಟ್ಟಿದ ದಿನದಂದು ಆಟವೇ ತಲೆಗೊಂದು ಕಾಗದದ ಟೋಪಿ ಹಾಕುತ್ತದೆ. ದೀಪದ ಪಕ್ಕದಲ್ಲಿ ಅದು ಎದ್ದು ಕಾಣುತ್ತಿತ್ತು. ಮೂವರೂ ಅವನ ಕಡೆ ತಿರುಗಿ ನಿಂತರು. ಈಗ ಬರೆಯುತ್ತಾರೆ, ಈಗ ಬರೆಯುತ್ತಾರೆ ಎಂದು ಉಸಿರು ಬಿಗಿಹಿಡಿದ. ಯಾರೂ ಬರೆಯಲಿಲ್ಲ. ಒಂದು ನಿಮಿಷ ಹಾಗೆಯೇ ನಿಂತಿದ್ದು, ಒಂಟೆ ದೋಣಿ ಬಿಟ್ಟ.

ತಂದೆಗೆ ಮೈಯೆಲ್ಲ ಉರಿಯಿತು. ಕಳೆದ ವರ್ಷ ಇದೇ ದಿನ, ಆಸ್ಪತ್ರೆಯ ಹಾಸಿಗೆಯಲ್ಲಿದ್ದವಳಿಗೆ ಫೋನಿನಲ್ಲೇ ಹಾಡು ಕಿರುಚಿ ನರ್ಸಮ್ಮನ ಕೈಲಿ ಬೈಸಿಕೊಂಡವರು ಇವರೇ. ಒಂದೇ ವರ್ಷಕ್ಕೆ ಮರೆತರೇ? ಹಿಟ್ಟಿನ ಬೆರಳುಗಳಿಂದ ಒಂದೇ ಉಸಿರಿಗೆ ಬರೆದ:

'ಇವತ್ತು ಅವಳ ಹುಟ್ಟಿದ ದಿನ. ನಾನು ಅವಳಲ್ಲ, ಅವಳಪ್ಪ. ಅವಳು ಹೋಗಿ ನಾಲ್ಕು ತಿಂಗಳಾಯಿತು. ನಿಮಗೆ ಮೋಸ ಮಾಡಿದೆ. ತಪ್ಪಾಯಿತು.'

ದೋಣಿ ನಿಂತಿತು. ಅವನು ಅಳುತ್ತಿದ್ದ, ಬಾಯಿ ಮುಚ್ಚಿಕೊಳ್ಳದೆ, ಬಿಕ್ಕಿ ಬಿಕ್ಕಿ. ಎಲ್ಲ ಮುಗಿಯಿತೆಂದು ಆಟ ಮುಚ್ಚಲು ಕೈಚಾಚಿದ.

'ಗೊತ್ತು ಅಂಕಲ್' ಎಂದು ಬರೆದ ಒಂಟೆ. 'ಮೊದಲನೇ ದಿನದಿಂದ ಗೊತ್ತು. ಹುಟ್ಟಿದ ದಿನದ ಮಾತು ನಿಮ್ಮ ಹತ್ರ ಹೇಗೆ ಎತ್ತೋದು ಅಂತ ಗೊತ್ತಾಗಲಿಲ್ಲ.'

'ಗೊತ್ತಿದ್ದೂ ದಿನಾ ಯಾಕೆ ಕರೆದಿರಿ?'

ಉತ್ತರಕ್ಕೆ ಗೂಬೆ ಒಂದು ಹಳೆಯ ಸಂದೇಶವನ್ನು ಕಳಿಸಿದಳು. ಬರೆದವರ ಹೆಸರು ಬೆಂಕಿಪೊಟ್ಟಣ. ತಾರೀಖು, ಅವಳು ತೀರಿಕೊಳ್ಳುವ ಹಿಂದಿನ ವಾರದ್ದು.

'ನಾನು ಹೋದ್ಮೇಲೆ ಅಪ್ಪ ನಾಲ್ಕು ಗಂಟೆಗೆ ಬಂದು ಸುಮ್ನೆ ಗೋಡೆ ನೋಡ್ಕೊಂಡು ಕೂತ್ಬಿಡ್ತಾರೆ. ಭಾನುವಾರ ಬಿಟ್ಟು ದಿನಾ ನಾಲ್ಕೂಕಾಲಕ್ಕೆ ಆಟಕ್ಕೆ ಕರೀರಿ. ಪಾಸ್‌ವರ್ಡ್ ಅವರಿಗೆ ಕಾಣೋ ಹಾಗೆ ಅಂಟಿಸಿದ್ದೀನಿ. ಚುಕ್ಕಾಣಿ ಮಾತ್ರ ಕೊಡ್ಬೇಡಿ, ದೋಣಿ ಮುಳುಗಿಸ್ತಾರೆ.'