ಹಿಂದಿನ ಗೇಟು

ಹೋಟೆಲಿನ ಮುಂಬಾಗಿಲಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಕಾಲು ಸುಟ್ಟ ಬೆಕ್ಕಿನ ಹಾಗೆ ಅಡ್ಡಾಡುತ್ತಿದ್ದ. ಮೆಟ್ಟಿಲ ಮೇಲೆ ಹೊಸ ಕಾರ್ಪೆಟ್ ಹಾಸಿಸಿದ್ದಾಯಿತು, ಬಾಗಿಲ ಗಾಜು ಒರೆಸಿದ್ದಾಯಿತು, ಒರೆಸಿದ್ದನ್ನೇ ಮತ್ತೆ ಒರೆಸಿದ್ದೂ ಆಯಿತು. ಇನ್ನೇನು ತೀರಿಹೋದ ಮ್ಯಾನೇಜರ ಹೆಂಡತಿ, ಮಗಳು ಬರಬೇಕು. ಅವರು ಬಂದರೆ ಮೇಲಿನ ಹಾಲಿನಲ್ಲಿ ಮ್ಯಾನೇಜರ ನೆನಪಿನ ಸಭೆ ಶುರು.

ಸಭೆಯ ಚಿಂತೆಯಲ್ಲ ಅವನಿಗೆ. ನಿನ್ನೆ ಮಗಳು ಫೋನಿನಲ್ಲಿ ಎಲ್ಲ ಮಾತಾಡಿ, ಇಡುವ ಮುಂಚೆ, ಅಮ್ಮ ನಿಮ್ಮನ್ನ ಒಂದು ಮಾತು ಕೇಳಬೇಕಂತೆ, ಎದುರಿಗೇ ಕೇಳ್ತಾರಂತೆ ಅಂದಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಏನು ಕೇಳುತ್ತಾರೆ ಅಂತ ಇವನಿಗೆ ಚೆನ್ನಾಗಿ ಗೊತ್ತಿತ್ತು.

ಹೋದ ತಿಂಗಳು ಮ್ಯಾನೇಜರು ಕೌಂಟರಿನ ಹಿಂದಿನ ತಮ್ಮ ಕೋಣೆಯಲ್ಲಿ ಕೂತಲ್ಲೇ ಹೋಗಿಬಿಟ್ಟರು. ಡಾಕ್ಟರು ಬಂದು ನಾಡಿ ನೋಡಿ ತಲೆಯಾಡಿಸಿದರು. ಹೊರಗೆ ಲಾಬಿಯಲ್ಲಿ ಒಂದು ಬಸ್ಸಿನ ತುಂಬ ಜನ ಆಗಷ್ಟೇ ಬಂದಿಳಿದಿದ್ದರು, ಮಕ್ಕಳು ಸೂಟ್‌ಕೇಸುಗಳ ಮೇಲೆ ಸವಾರಿ ಮಾಡುತ್ತಿದ್ದವು. ಹೋಟೆಲಿನಲ್ಲಿ ಸಾವಾದರೆ ಏನು ಮಾಡಬೇಕು ಅಂತ ಅಸಿಸ್ಟೆಂಟಿಗೆ ಕಲಿಸಿದವರು ಈಗ ಉಸಿರಿಲ್ಲದೆ ಆ ಕುರ್ಚಿಯಲ್ಲಿ ಕೂತಿದ್ದ ಮ್ಯಾನೇಜರೇ. ಗೆಸ್ಟುಗಳ ಮುಖ ಬಾಡಬಾರದು. ಬಟ್ಟೆ ಗಾಡಿ, ಸಾಮಾನಿನ ಲಿಫ್ಟು, ಕೆಳಗಡೆ ಲಾಂಡ್ರಿ, ಹಿಂದಿನ ಗೇಟು. ಅವನ ಕೈಕಾಲು ಪಾಠ ಒಪ್ಪಿಸಿದ ಹಾಗೆ ಅಷ್ಟನ್ನೂ ಮಾಡಿ ಮುಗಿಸಿದವು. ಆಂಬುಲೆನ್ಸು ಗೇಟಿನಾಚೆ ಕಾಯುತ್ತಿತ್ತು. ಒಬ್ಬ ಗೆಸ್ಟಿಗೂ ಗೊತ್ತಾಗಲಿಲ್ಲ, ಭಲೇ ಅಂದರು ಮಾಲೀಕರು. ಆ ಭಲೇ ಈಗಲೂ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಹೋಟೆಲಿಗಾಗಿ ಜೀವ ತೇಯ್ದ ಮನುಷ್ಯನನ್ನು ಮಾಸಿದ ಟವೆಲುಗಳ ಜೊತೆ, ಕಸದ ಡಬ್ಬಿಗಳ ಪಕ್ಕದಿಂದ ಸಾಗಹಾಕಿಬಿಟ್ಟೆನಲ್ಲ.

ಎಂಥ ಮನುಷ್ಯ ಅವರು. ಟವೆಲು ಮೂಸಿ ನೋಡದೆ ಮೇಲಕ್ಕೆ ಬಿಟ್ಟವರಲ್ಲ. ಮಗಳಿಗೆ ಜ್ವರ ಬಂದರೆ ಕೌಂಟರಿನಿಂದಲೇ ಮನೆಗೆ ಫೋನು. ಎದುರಿಗೆ ಜನ ನಿಂತಿದ್ದರೆ, ನಮ್ಮ ಚಿಕ್ಕ ಗೆಸ್ಟು ಹೇಗಿದ್ದಾರೆ, ಏನಾದರೂ ತಿಂದರಾ, ಅಂತ ಬಹುವಚನದಲ್ಲಿ ವಿಚಾರಿಸುತ್ತಿದ್ದರು. ಅಷ್ಟು ಪ್ರೀತಿ ಇದ್ದವರು ಹೆಂಡತಿ ಮಗಳನ್ನು ಒಂದು ದಿನವೂ ಮುಂಬಾಗಿಲಿಂದ ಬಿಟ್ಟುಕೊಂಡವರಲ್ಲ. ಹಿಂದಿನ ಗೇಟಿಗೇ ಬರಬೇಕು, ಹಾಗೇ ಹೋಗಬೇಕು. ಇದೆಂಥ ಶಿಸ್ತೋ ಅಂತ ಕೆಲಸದವರು ಆಡಿಕೊಳ್ಳುತ್ತಿದ್ದರು. ಇವತ್ತಾದರೂ ಅವರು ಮುಂದಿನಿಂದ ಬರಲಿ ಅಂತಲೇ ಈ ಕಾರ್ಪೆಟ್ಟು.

ಬಾಗಿಲು ಕಾಯುವವನಿಗೆ ಎಲ್ಲರೂ ಮೀಸೆ ಅನ್ನುತ್ತಿದ್ದರು. ಅಸಿಸ್ಟೆಂಟ್ ಕೊನೆಗೆ ಅವನ ಹತ್ತಿರ ತನ್ನ ಸಂಕಟ ಹೇಳಿಕೊಂಡ. ಮೀಸೆ ನಕ್ಕುಬಿಟ್ಟ. ಇಷ್ಟಕ್ಕೆಲ್ಲ ಯಾಕೆ ಸ್ವಾಮಿ, ಮುಂಬಾಗಿಲಿಂದಲೇ ಮರ್ಯಾದೆಯಾಗಿ ಕಳಿಸಿದೆವು ಅಂದುಬಿಡಿ, ಬಾಗಿಲು ಹಿಡಿದಿದ್ದವನು ನಾನೇ ಅಂತೀನಿ, ಒಂದು ಸುಳ್ಳಿಗೆ ಬಾಯಲ್ಲೇನು ಹುಳ ಬೀಳುತ್ತಾ, ಅಂತ ಧೈರ್ಯ ಕೊಟ್ಟ. ಅಸಿಸ್ಟೆಂಟ್ ಆ ಮಾತನ್ನೇ ಬಾಯಿಪಾಠ ಮಾಡುತ್ತ ತಲೆ ತಗ್ಗಿಸಿ ನಿಂತ. ಕಣ್ಣು ತನ್ನದೇ ಎಡಗಾಲಿನ ಬೂಟಿನ ಮೇಲೆ ಬಿತ್ತು. ಅದರ ಮೂತಿ ಕೆತ್ತಿಹೋಗಿತ್ತು. ಎಷ್ಟು ಪಾಲಿಶ್ ಮೆತ್ತಿದರೂ ಮುಚ್ಚಿರಲಿಲ್ಲ.

ಅಷ್ಟರಲ್ಲಿ ಲಾಂಡ್ರಿಯ ಅಕ್ಕ ಏದುಸಿರು ಬಿಡುತ್ತ ಮೇಲೆ ಬಂದಳು. ಅಮ್ಮಾವ್ರು ಆಗಲೇ ಬಂದು ಕೆಳಗೆ ಕೂತಿದ್ದಾರೆ ಅಂದಳು.

ಅವನು ಓಡಿದ. ಇಸ್ತ್ರಿ ಮೇಜಿನ ಪಕ್ಕದ ಬೆಂಚಿನಲ್ಲಿ ತಾಯಿ ಮಗಳು ಕೂತಿದ್ದರು. ಎದುರಿಗೇ ಆ ಬಟ್ಟೆ ಗಾಡಿ ನಿಂತಿತ್ತು.

“ಅತ್ತಿಗೆ, ನಿಮಗೋಸ್ಕರ ಮುಂದುಗಡೆ ಕಾಯ್ತಾ ಇದ್ದೆ.”

“ಯಾಕಪ್ಪಾ, ನಾನೇನು ಹೊಸಬಳಾ?” ಅಂದರು ಅವರು. ಪಕ್ಕದಲ್ಲಿ ಕೂರು ಅಂತ ಕೈ ತೋರಿಸಿದರು. ಅವನು ಕೂರಲಿಲ್ಲ. “ಒಂದು ಮಾತು ಕೇಳ್ತೀನಿ, ನಿಜ ಹೇಳು. ಅವತ್ತು ಅವರನ್ನ ಯಾವ ಕಡೆಯಿಂದ ಕಳಿಸಿದೆ?”

ಬಾಯಿಪಾಠ ಮಾಡಿದ್ದು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಕಣ್ಣುಗಳನ್ನು ನೋಡಿಕೊಂಡು ಅದು ಹೊರಡಲಿಲ್ಲ.

“ಈ ಕಡೆಯಿಂದ ಅತ್ತಿಗೆ. ಈ ಗಾಡಿಯಲ್ಲೇ. ಹಿಂದಿನ ಗೇಟಿಂದ. ತಪ್ಪಾಯ್ತು.”

ಅವರು ಎದ್ದು ಹೋಗಿ ಹಿಂದಿನ ಗೇಟನ್ನು ಒಂದಿಷ್ಟು ತಳ್ಳಿ ಬಿಟ್ಟರು. ಸ್ಪ್ರಿಂಗಿನ ಗೇಟು ರಪ್ಪನೆ ವಾಪಸು ಬಡಿಯಿತು. ಅಸಿಸ್ಟೆಂಟ್ ಬೆಚ್ಚಿಬಿದ್ದ. ಇನ್ನು ಬೈಗುಳವೋ ಶಾಪವೋ, ಬರುವುದು ಬರಲಿ ಅಂತ ಕಣ್ಣು ಮುಚ್ಚಿದ.

“ಇದು ಹೀಗೆ ಬಡಿಯತ್ತಲ್ಲ, ಇದನ್ನ ಹಿಡಿದಿದ್ದು ಯಾರು?”

“ನಾನೇ. ಗಾಡಿಯ ಚಕ್ರ ಹೊಸ್ತಿಲಿಗೆ ಸಿಕ್ಕಿಕೊಳ್ತು. ದಾಟೋ ತನಕ ಗೇಟಿಗೆ ಕಾಲು ಕೊಟ್ಟಿದ್ದೆ.”

ಅವರು ಬಗ್ಗಿ ಅವನ ಬೂಟು ನೋಡಿದರು. ನೋಡುತ್ತಲೇ ಇದ್ದರು.

“ಅವರ ಬೂಟುಗಳೆಲ್ಲಾ ಹೀಗೇ ಇರ್ತಿದ್ದವು,” ಅಂದರು ಮಗಳ ಕಡೆ ತಿರುಗಿ. “ನಾವು ಬಂದಾಗೆಲ್ಲ ಕಾಲು ಕೊಟ್ಟು ನಿಂತ್ಕೊಳ್ಳೋರು. ಮುಂದಿನದು ಗೆಸ್ಟಿಗೆ ಕಣೇ, ಇದು ನಮ್ಮ ಮನೆಯವರಿಗೆ, ಅನ್ನೋರು.” ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಅವನತ್ತ ತಿರುಗಿದರು. “ತಿಂಗಳಿಂದ ನನಗೆ ನಿದ್ದೆ ಇಲ್ಲಪ್ಪ. ಎಲ್ಲಿ ಗೆಸ್ಟಿನ ಹಾಗೆ ಮುಂಬಾಗಿಲಿಂದ ಕಳಿಸಿಬಿಟ್ಟೆಯೋ ಅಂತ ಹೆದರಿಕೊಂಡಿದ್ದೆ.”